ವರ್ಷದ ಸರಾಸರಿ ಹೇಳದ ಮಳೆ

ನನ್ನ ಅಕ್ಕನ ಸಂಸಾರ ಅರಬ್ ಸಂಯುಕ್ತ ಸಂಸ್ಥಾನದ ಅಲ್ ಐನ್‌ನಲ್ಲಿದೆ. ನಾನು ಮುಂಬಯಿಯ ಮುಲುಂಡಿನಲ್ಲಿದ್ದೇನೆ. ಜೂನ್ ಬಂದರೆ ಅಕ್ಕನ ಫೋನು ಶುರುವಾಗುವುದೇ "ಅಲ್ಲಿ ಮಳೆ ಹಿಡಿಯಿತಾ?" ಎಂಬ ಮಾತಿನಿಂದ. ನಾನು ಮಾತ್ರ ಅವಳ ಊರಿನ ಮಳೆಯನ್ನು ಬಹಳ ಕಾಲ ವಿಚಾರಿಸಿರಲಿಲ್ಲ. ವರ್ಷಕ್ಕೆ 100 ಮಿಲಿಮೀಟರಿಗೂ ಕಡಿಮೆ ಮಳೆ ಬೀಳುವ ಮರುಭೂಮಿಯಲ್ಲಿ ವಿಚಾರಿಸುವುದಕ್ಕೆ ಏನಿದೆ ಎಂದು ನಂಬಿಕೊಂಡಿದ್ದೆ. ಆ ನಂಬಿಕೆ ತಪ್ಪಾಗಿತ್ತೆಂದು ತಿಳಿದದ್ದು 2024ರ ಏಪ್ರಿಲ್ 16ರಂದು.

ಅಂದು ಅಲ್ ಐನ್ ಪ್ರದೇಶದ ಖತ್ಮ್ ಅಲ್ ಶಕ್ಲಾ ಎಂಬಲ್ಲಿ ಒಂದು ದಿನ ತುಂಬುವುದರೊಳಗೆ 254.8 ಮಿಲಿಮೀಟರ್ ಮಳೆ ಸುರಿಯಿತು. 1949ರಲ್ಲಿ ದಾಖಲೆ ಇಡಲು ತೊಡಗಿದ ಮೇಲೆ ಆ ದೇಶ ಕಂಡ ಅತಿ ದೊಡ್ಡ ಮಳೆ ಇದೆಂದು ಅಲ್ಲಿನ ಹವಾಮಾನ ಕೇಂದ್ರ ಹೇಳಿತು. ಎರಡು ವರ್ಷಗಳಿಗೂ ಹೆಚ್ಚಿನ ಮಳೆ ಕೆಲವೇ ಗಂಟೆಗಳಲ್ಲಿ ಬಂದಿತ್ತು. ಇಂಥ ವರ್ಷವನ್ನೂ, ಹನಿಯೇ ಕಾಣದೆ ಕಳೆದ ವರ್ಷಗಳನ್ನೂ ಕೂಡಿಸಿ ಭಾಗಿಸಿದರೆ ಸಿಗುವ ಅಂಕಿಯಿಂದ ಆ ಊರಿನವರಿಗೆ ಏನು ತಿಳಿದೀತು?

ಮುಂಬಯಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಮಳೆಯಾದಾಗ ಇದೇ ನಗರದ ಕೊಲಾಬಾದಲ್ಲಿ ದಾಖಲಾದದ್ದು 73 ಮಿಲಿಮೀಟರ್ ಮಾತ್ರ.

ಅಲ್ ಐನ್‌ನ ಮಳೆಗೆ ಎರಡು ದಾರಿಗಳಿವೆ. ಚಳಿಗಾಲದಲ್ಲಿ ಮೆಡಿಟರೇನಿಯನ್ ಕಡೆಯಿಂದ ಸರಿದು ಬರುವ ವಾಯುಭಾರ ಕುಸಿತಗಳು ತರುವ ಮಳೆಯೇ ಮುಖ್ಯವಾದುದು. ಫೆಬ್ರವರಿ, ಮಾರ್ಚ್ ಅದರ ತಿಂಗಳುಗಳು. ಬೇಸಗೆಯಲ್ಲಿ ಒಮಾನ್ ಕೊಲ್ಲಿಯ ತೇವದ ಗಾಳಿ ಹಜರ್ ಪರ್ವತಸಾಲನ್ನು ಏರಿ, ಮಧ್ಯಾಹ್ನದ ಹೊತ್ತಿಗೆ ಗುಡುಗಿನ ಮೋಡವಾಗಿ, ಒಂದು ಕಣಿವೆಯನ್ನು ತೋಯಿಸಿ ಪಕ್ಕದ ಕಣಿವೆಯನ್ನು ಒಣಗಿದಂತೆಯೇ ಬಿಟ್ಟು ಹೋಗುತ್ತದೆ. ಪರ್ವತದಲ್ಲಿ ಬಿದ್ದ ಆ ನೀರು ಜಲ್ಲಿಕಲ್ಲಿನ ನೆಲದೊಳಗೆ ಇಳಿದು ತಪ್ಪಲಿನತ್ತ ಹರಿಯುತ್ತದೆ. ಊರಿನ ಖರ್ಜೂರದ ತೋಟಗಳು ಸಾವಿರಾರು ವರ್ಷ ಬದುಕಿದ್ದು ಅದರಿಂದಲೇ. ಬೇರೆಡೆ ಬಿದ್ದ ಮಳೆಯನ್ನು ಕುಡಿಯುವುದರಲ್ಲಿ ಆ ಊರು ನಮ್ಮ ನಗರದಂತೆಯೇ ಇದೆ: ನಮ್ಮ ನಲ್ಲಿಗಳು ತುಂಬುವುದೂ ಬಹುಪಾಲು ನಗರದ ಹೊರಗಿನ ಭಾತ್ಸಾ, ತಾನ್ಸಾ, ವೈತರಣಾ ನದಿಗಳ ಜಲಾನಯನದಲ್ಲಿ ಮಳೆಯಾದಾಗ.

ಆ ನೀರನ್ನು ತೋಟಕ್ಕೆ ತರುವ ಕಾಲುವೆಗೆ ಅಲ್ಲಿ ಫಲಜ್ ಎನ್ನುತ್ತಾರೆ. ಬೆಟ್ಟದ ಬುಡದಲ್ಲಿ ತಾಯಿಬಾವಿ ತೋಡಿ, ಅಲ್ಲಿಂದ ಅತಿ ಸಣ್ಣ ಇಳಿಜಾರಿನ ಸುರಂಗ ಕೊರೆದು, ಪಂಪಿಲ್ಲದೆ ನೀರನ್ನು ಊರಿಗೆ ಹರಿಸುವ ಈ ವಿದ್ಯೆ ಅಲ್ ಐನ್‌ನ ಪುರಾತನ ನೆಲೆಯಾದ ಹೀಲಿಯಲ್ಲಿ ಸುಮಾರು 3000 ವರ್ಷ ಹಳೆಯದು. 2011ರಲ್ಲಿ ಯುನೆಸ್ಕೊ ಹೀಲಿಯನ್ನೂ ಅಲ್ ಐನ್‌ನ ಓಯಸಿಸ್ ತೋಟಗಳನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬೀದರಿನ ನೌಬಾದಿನಲ್ಲಿ ಬಹಮನಿಗಳ ಕಾಲದ ಸುರಂಗ ಕಾಲುವೆ ಕರೇಜ್ ಕಂಡವರಿಗೆ, ನಮ್ಮ ತುಳುನಾಡಿನ ಗುಡ್ಡಗಳಲ್ಲಿ ಸುರಂಗದ ನೀರು ಕುಡಿದು ಬೆಳೆದವರಿಗೆ, ಇದು ದೂರದ ಸಂಬಂಧಿಯ ಮನೆಯಂತೆ ಕಾಣುತ್ತದೆ. ಅರಬಿಯಲ್ಲಿ 'ಐನ್' ಎಂದರೆ ಕಣ್ಣೂ ಹೌದು, ಒರತೆಯೂ ಹೌದು. ನಾವೂ ಬಾವಿಯ ತಳದಲ್ಲಿ ನೀರು ಚಿಮ್ಮುವ ಜಾಗವನ್ನು ಕಣ್ಣು ಎನ್ನುತ್ತೇವಲ್ಲವೇ!

ನನ್ನನ್ನು ನೋಯಿಸುವ ಸಂಗತಿ ಇದರ ಮುಂದಿನದು. ಕೊಳವೆಬಾವಿಗಳು ಹೆಚ್ಚಿ ಅಂತರ್ಜಲ ಕುಸಿದ ಮೇಲೆ ಫಲಜ್‌ಗಳ ಸಹಜ ಹರಿವು ನಿಂತುಹೋಗಿ, ಈಗ ಪಂಪಿನಿಂದೆತ್ತಿದ ನೀರನ್ನು ಆ ಹಳೆಯ ಕಾಲುವೆಗಳಲ್ಲಿ ಹರಿಸಬೇಕಾಗಿದೆ. ಅಂದಿನ 254.8 ಮಿಲಿಮೀಟರಿನಿಂದ ಈ ಕೊರತೆ ತುಂಬುವುದಿಲ್ಲ, ಏಕೆಂದರೆ ರಭಸದಿಂದ ಬಿದ್ದ ನೀರಿಗೆ ನೆಲದೊಳಗೆ ಇಳಿಯುವಷ್ಟು ಸಮಯ ಸಿಗದೆ ಅದರ ಬಹುಭಾಗ ರಸ್ತೆಗಳ ಮೇಲೆ ಹರಿದುಹೋಗುತ್ತದೆ. ಅದೇ ಮಳೆ ಹಲವು ದಿನಗಳಲ್ಲಿ ಹಂಚಿಕೊಂಡು, ಬೆಟ್ಟಗಳ ಮೇಲೆ ಬಿದ್ದಿದ್ದರೆ ಕತೆ ಬೇರೆಯಾಗುತ್ತಿತ್ತು.

ಆ ಮಳೆ ಬಂದ ವಾರ ನಮ್ಮವರ ವಾಟ್ಸಾಪ್ ಗುಂಪುಗಳಲ್ಲೆಲ್ಲ, ವಿಮಾನದಿಂದ ಮೋಡಗಳಿಗೆ ಕಣಗಳನ್ನು ಚೆಲ್ಲಿ ಮಳೆ ತರಿಸುವ ಮೋಡ ಬಿತ್ತನೆಯೇ ಇದಕ್ಕೆ ಕಾರಣವೆಂಬ ಮಾತು. ಆ ದೇಶದಲ್ಲಿ ಮೋಡ ಬಿತ್ತನೆ ನಡೆಯುವುದು ನಿಜ. ಆದರೆ ಆ ಬಿರುಗಾಳಿ ಮಳೆಗೆ ಬಿತ್ತನೆ ಮಾಡಿರಲಿಲ್ಲವೆಂದು ಅಲ್ಲಿನ ಹವಾಮಾನ ಕೇಂದ್ರ ಹೇಳಿತು. ಭಾರಿ ಮಳೆಯ ಮುನ್ಸೂಚನೆಯೂ ದಿನಗಳ ಮೊದಲೇ ಬಂದಿತ್ತು. ಎರಡು ದಿನ ಮುಂಚೆ ಅದೇ ವಾಯುಭಾರ ಕುಸಿತದ ಮಳೆ ಒಮಾನಿನಲ್ಲಿ ಶಾಲೆಯ ಮಕ್ಕಳನ್ನೂ ಬಲಿ ತೆಗೆದುಕೊಂಡಿತ್ತು. ಇಷ್ಟು ವಿಸ್ತಾರದ ಮಳೆಯನ್ನು ಕೆಲವು ವಿಮಾನಗಳ ಮೇಲೆ ಹೊರಿಸಿದರೆ, ಬಿಸಿಯಾಗುತ್ತಿರುವ ಗಾಳಿ ಹೆಚ್ಚು ನೀರಾವಿಯನ್ನು ಹೊರುತ್ತದೆ ಎಂಬ ನಿಜವಾದ ಚರ್ಚೆ ಬದಿಗೆ ಸರಿಯುತ್ತದೆಂಬುದು ನನ್ನ ಆಕ್ಷೇಪ.

ಈಗ ಅಕ್ಕ ಮುಂಬಯಿಯ ಮಳೆ ವಿಚಾರಿಸಿದಾಗ ನಾನೂ ತಿರುಗಿ ಕೇಳುತ್ತೇನೆ: ಹಜರ್ ಬೆಟ್ಟದ ಮೇಲೆ ಮಧ್ಯಾಹ್ನ ಮೋಡ ಕಟ್ಟಿತೇ, ಎಷ್ಟು ಹೊತ್ತು ನಿಂತಿತು, ಯಾವ ಕಡೆ ಸುರಿಯಿತು.