ಪರೀಕ್ಷೆ ಆಷಾಢದಲ್ಲಿ, ಕೆಲಸ ಮಾಘದಲ್ಲಿ

ಇಳಿಜಾರು ಕಡಿದು ಕಟ್ಟಿದ ಚಿಕ್ಕಮಗಳೂರಿನ ಮನೆಗಳಲ್ಲಿ ಕೆಳಗಿನ ಅಂತಸ್ತಿನ ಹಿಂಗೋಡೆ ಮಣ್ಣಿಗೆ ಒರಗಿರುತ್ತದೆ. ನಾನಿರುವ ಮಿಚಿಗನ್ನಿನಲ್ಲಿ ಬೇಸ್‌ಮೆಂಟ್ ನಾಲ್ಕೂ ಕಡೆ ಮಣ್ಣೊಳಗೆ ಕೂತಿರುತ್ತದೆ. ಎರಡೂ ಕಡೆಯ ಹಳೇ ಕಾಂಕ್ರೀಟ್ ನೆಲದ ಕಾಯಿಲೆ ಒಂದೇ: ಮೇಲೆ ಉಬ್ಬುತಗ್ಗು, ಕೆಳಗಿಂದ ತೇವ. ಮದ್ದು ಮಾತ್ರ ಬೇರೆ. ನಮ್ಮಲ್ಲಿ ಚಾಣದಿಂದ ಕಚ್ಚು ಹೊಡೆದು, ನೆಲಕ್ಕೆ ನೀರು ಕುಡಿಸಿ, ಸಿಮೆಂಟ್ ಹಾಲು ಸುರಿದು, ಒಂದೂವರೆ ಎರಡಿಂಚು ಗಾರೆ ಹಾಸುತ್ತಾರೆ. ಇಲ್ಲಿ ಸೆಲ್ಫ್ ಲೆವೆಲಿಂಗ್ ಕಾಂಪೌಂಡನ್ನು 5–6 ಮಿ.ಮೀ. ಸುರಿಯುತ್ತಾರೆ, ಅದು ತಾನೇ ಹರಿದು ಮಟ್ಟವಾಗುತ್ತದೆ. ಊರಿನಲ್ಲೂ ಇದನ್ನು ಹಾಕಿಸಲು ಹೊರಟವರಿಗೆ ನಾನು ಹೇಳುವುದಿಷ್ಟು: ಗಾರೆಗೆ ಒಳ್ಳೆಯದಾದ ನೀರಿನ ಅಭ್ಯಾಸವೇ ಇದಕ್ಕೆ ವಿಷ.

ಮೊದಲು ತೇವ ನೋಡಿ. ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಒಂದೂವರೆ ಅಡಿ ಚೌಕಕ್ಕೆ ಕತ್ತರಿಸಿ, ನಾಲ್ಕೂ ಅಂಚಿಗೆ ಟೇಪ್ ಒತ್ತಿ ನೆಲಕ್ಕೆ ಅಂಟಿಸಿ. ಕನಿಷ್ಠ 16 ಗಂಟೆ ಬಿಟ್ಟು ತೆಗೆದಾಗ ಹನಿ ಕಂಡರೆ, ಅಥವಾ ಅಷ್ಟು ಜಾಗ ಕಪ್ಪಾಗಿದ್ದರೆ, ತೇವ ಏರುತ್ತಿದೆ. ಇಲ್ಲಿ ಇದನ್ನಷ್ಟೇ ನಂಬದೆ, ಕಾಂಕ್ರೀಟಿನ ದಪ್ಪದ ಶೇ. 40ರಷ್ಟು ಆಳಕ್ಕೆ ತೂತು ಕೊರೆದು ಒಳಗಿನ ಆರ್ದ್ರತೆಯನ್ನು ಮೀಟರಿನಲ್ಲಿ ಅಳೆಯುತ್ತಾರೆ. ಮಲೆನಾಡಿನಲ್ಲಿ ಇನ್ನೊಂದು ಮೋಸವಿದೆ. ಮಾರ್ಚ್‌ನಲ್ಲಿ ಹಾಳೆ ಅಂಟಿಸಿದರೆ ಒಣ ನೆಲವೇ ಕಾಣುತ್ತದೆ. ಜುಲೈನಲ್ಲಿ ಗುಡ್ಡದ ನೀರು ಗೋಡೆಯ ಬುಡಕ್ಕೆ ಬಂದಾಗ ಅದೇ ನೆಲ ಬೆವರುತ್ತದೆ. ಹಾಗಾಗಿ ಪರೀಕ್ಷೆ ಆಷಾಢದಲ್ಲಿ ಆಗಲಿ, ಕೆಲಸ ಮಾಘದಲ್ಲಿ. ಬರೀ ತೇವವಾದರೆ, ಮುಂದೆ ಹೇಳುವಂತೆ ಮೇಲ್ಮೈ ಉಜ್ಜಿದ ಮೇಲೆ ಎರಡು ಭಾಗ ಬೆರೆಸುವ ಎಪಾಕ್ಸಿ ಬಳಿದು, ಅದು ಹಸಿಯಿರುವಾಗಲೇ ಒಣ ಮರಳು ಎರಚಿದರೆ ಕಾಂಪೌಂಡಿಗೆ ಕಚ್ಚಿಕೊಳ್ಳಲು ಹಿಡಿತ ಸಿಗುತ್ತದೆ. ನೀರೇ ಒತ್ತಿ ಬರುತ್ತಿದ್ದರೆ ಮೇಲಿಂದ ಬಳಿದದ್ದೆಲ್ಲ ವ್ಯರ್ಥ. ಮನೆಯ ಹಿಂದೆ ಬಸಿಗಾಲುವೆ ತೋಡಿ ನೀರನ್ನು ತಿರುಗಿಸಬೇಕು.

ಆಮೇಲೆ ಮೇಲ್ಮೈ. ಹಳೇ ಬಣ್ಣ, ಎಣ್ಣೆ ಜಿಡ್ಡು, ಟೈಲ್ ಅಂಟು, ಕಾಂಕ್ರೀಟಿನ ಮೇಲೆ ಕೂತ ಸಿಮೆಂಟ್ ಕೆನೆ ಉಳಿದರೆ ಕಾಂಪೌಂಡ್ ಹಿಡಿಯುವುದು ಅವನ್ನೇ ಹೊರತು ನೆಲವನ್ನಲ್ಲ. ಒಣಗುತ್ತಾ ಕುಗ್ಗಿದಾಗ ಆ ಪದರವನ್ನೇ ಕಿತ್ತುಕೊಂಡು ಏಳುತ್ತದೆ. ಹಾಸನದ ಕಡೆಯ ಹಳೇ ರೆಡ್ ಆಕ್ಸೈಡ್ ನೆಲ ಇನ್ನೂ ಕಷ್ಟ, ಎಣ್ಣೆ, ಮೇಣ ತಿಕ್ಕಿ ಹೊಳಪೇರಿಸಿದ್ದು. (ಅಂಥ ನೆಲ ಗಟ್ಟಿಯಿದ್ದರೆ ಮುಚ್ಚುವ ಮುಂಚೆ ದಯವಿಟ್ಟು ಇನ್ನೊಮ್ಮೆ ಯೋಚಿಸಿ.) ಆಸಿಡ್ ಹಾಕಿ ತೊಳೆಯುವುದು ಬೇಡವೇ ಬೇಡ, ರಂಧ್ರಗಳಲ್ಲಿ ಉಪ್ಪು ಉಳಿದು ಹಿಡಿತ ಕೆಡುತ್ತದೆ. ಗ್ರೈಂಡರಿಗೆ ಡೈಮಂಡ್ ಕಪ್ ವೀಲ್ ಹಾಕಿ, ವ್ಯಾಕ್ಯೂಮ್ ಜೋಡಿಸಿ, ಉಪ್ಪುಕಾಗದದಷ್ಟು ಒರಟಾಗುವವರೆಗೆ ಉಜ್ಜಿ. ಆ ಧೂಳಿನಲ್ಲಿ ಶ್ವಾಸಕೋಶ ಕೆಡಿಸುವ ಸಿಲಿಕಾ ಇರುತ್ತದೆ. ಮುಖಕ್ಕೆ ಟವೆಲ್ ಸುತ್ತಿದರೆ ಸಾಲದು, ಕೆಲಸದವರಿಗೆ ಎನ್95 ಮಾಸ್ಕ್ ಕೊಡಿಸಿ. ಕೊನೆಗೆ ಅಲ್ಲಲ್ಲಿ ನೀರಿನ ಹನಿ ಬಿಟ್ಟು ನೋಡಿ. ಇಂಗಿದರೆ ಸರಿ, ಮುತ್ತಿನಂತೆ ನಿಂತರೆ ಜಿಡ್ಡು ಉಳಿದಿದೆ.

ಟೊಳ್ಳು ಪತ್ತೆ ಮಾಡುವುದನ್ನು ನಮ್ಮ ಮೇಸ್ತ್ರಿಗಳಿಂದಲೇ ಕಲಿಯಬೇಕು. ಕರಣೆಯ ಹಿಡಿಯಿಂದ ಕುಟ್ಟಿ, ಸದ್ದಿನ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾರೆ. ಇಲ್ಲಿ ಸ್ವಂತ ಕೈಯಿಂದ ಮಾಡಲು ಹೊರಡುವ ಎಷ್ಟೋ ಜನ ಲೇಸರ್ ಇಟ್ಟು ಮಿಲಿಮೀಟರ್ ಎಣಿಸುತ್ತಾರೆ, ನೆಲ ಕುಟ್ಟಿ ನೋಡುವುದಿಲ್ಲ. ಟೊಳ್ಳಾದದ್ದನ್ನು ಒಡೆದು ತೆಗೆದು ರಿಪೇರಿ ಗಾರೆ ತುಂಬಿ. ಅಲ್ಲಾಡದ ಬಿರುಕಿಗೆ ಎಪಾಕ್ಸಿ ಸಾಕು. ಹಿಗ್ಗಿ ಕುಗ್ಗುವ ಜಾಯಿಂಟನ್ನು ಮಾತ್ರ ಮುಚ್ಚದೆ ಮೇಲಿನ ಪದರದಲ್ಲೂ ಅದೇ ಗೆರೆಗೆ ಬಿಡಬೇಕು.

ಇಲ್ಲಿಂದ ಮುಂದೆ ನೆಲಕ್ಕೆ ನೀರು ಕುಡಿಸಬೇಡಿ. ರಂಧ್ರದಲ್ಲಿ ನೀರು ಕೂತರೆ, ಕಾಂಪೌಂಡಿಗೆ ಮುಂಚೆ ಬಳಿಯುವ ಪ್ರೈಮರ್ ಒಳಗಿಳಿಯದೆ ಮೇಲೆ ಪೊರೆ ಕಟ್ಟುತ್ತದೆ. ಪ್ರೈಮರ್ ಬಿಟ್ಟರೂ ಕೆಟ್ಟಿತು: ಹಳೇ ಕಾಂಕ್ರೀಟ್ ಕಾಂಪೌಂಡಿನ ನೀರನ್ನು ಹೀರಿ ಹರಿವನ್ನು ನಿಲ್ಲಿಸುತ್ತದೆ, ಒಳಗಿನ ಗಾಳಿ ಮೇಲೆದ್ದು ಸೂಜಿತೂತು ಬೀಳುತ್ತದೆ. ತುಂಬಾ ಹೀರುವ ನೆಲಕ್ಕೆ ಎರಡು ಸಲ ಬಳಿದು, ಪೂರ್ತಿ ಒಣಗಲು ಬಿಡಿ. ಗೋಡೆ ಬುಡಕ್ಕೆ ಫೋಮ್ ಪಟ್ಟಿ ಅಂಟಿಸಿ.

ಒಂದು ಚದರ ಮೀಟರಿಗೆ 1 ಮಿ.ಮೀ. ದಪ್ಪಕ್ಕೆ ಸುಮಾರು 1.7 ಕೆ.ಜಿ. ಪುಡಿ ಬೇಕು. 200 ಚದರಡಿಗೆ ಸರಾಸರಿ 6 ಮಿ.ಮೀ. ಎಂದರೆ 190 ಕೆ.ಜಿ., ಅಂದರೆ 25 ಕೆ.ಜಿ.ಯ 8 ಚೀಲ. ಒಂಬತ್ತು ತಂದಿಡಿ, ನಡುವೆ ಮುಗಿದರೆ ಅಂಚು ಬಿಗಿದು ಗೆರೆ ಉಳಿಯುತ್ತದೆ. ಚೀಲದ ಮೇಲೆ ಬರೆದಷ್ಟೇ ನೀರನ್ನು ಅಳೆದು ಮೊದಲು ಬಕೆಟ್ಟಿಗೆ ಹಾಕಿ, ಆಮೇಲೆ ಪುಡಿ ಸುರಿದು, ಡ್ರಿಲ್ಲಿಗೆ ಕಲಸುವ ಪ್ಯಾಡಲ್ ಹಾಕಿ 2–3 ನಿಮಿಷ ತಿರುಗಿಸಿ. ಗಾರೆಗೆ ಮಾಡುವಂತೆ ಕಣ್ಣಳತೆಯಲ್ಲಿ ಇನ್ನೊಂದು ಚೊಂಬು ಹೊಯ್ದರೆ ಮರಳು ತಳಕ್ಕಿಳಿದು, ಮೇಲೆ ಉಗುರಿಗೆ ಸಿಗುವ ಪುಡಿಪದರ ನಿಲ್ಲುತ್ತದೆ. ಇಬ್ಬರು ಕಲಸುತ್ತಿರಲಿ, ಒಬ್ಬರು ಸುರಿಯಲಿ. ಎರಡು ಬಕೆಟ್ ನಡುವೆ ಹತ್ತು ನಿಮಿಷ ಮೀರದಿರಲಿ. ಮುಳ್ಳಿನ ರೋಲರ್ ಆಡಿಸಿ ಗುಳ್ಳೆ ಒಡೆಯಿರಿ. ಮರುದಿನ ಬೆಳಗ್ಗೆ ಕ್ಯೂರಿಂಗ್ ಎಂದು ನೀರು ಚಿಮುಕಿಸಬೇಡಿ, ಕಿಟಕಿ ಮುಚ್ಚಿ ಬಿಸಿಲು ಗಾಳಿ ತಡೆದರೆ ಸಾಕು.

ಬಕೆಟ್ಟಿನಲ್ಲಿ ನೀರು ಹೊಯ್ದು ತೊಳೆಯುವ ನೆಲಕ್ಕೆ ಮಾತ್ರ ನನ್ನ ಮತ ಈಗಲೂ ಗಾರೆಗೇ. ಅಲ್ಲಿ ಮೋರಿಯ ಕಡೆಗೆ ಇಳಿಜಾರು ಬೇಕು. ಈ ಕಾಂಪೌಂಡ್ ಆ ಇಳಿಜಾರನ್ನೇ ತುಂಬಿ ಸಮ ಮಾಡಿಬಿಡುತ್ತದೆ.