ಮನೆಗೆ ಒರಗದ ಕೋಣೆ

ನಮ್ಮ ಮನೆಗೆ ಆರ್‌ಸಿ ಬುಕ್ ಇದೆ. ತಮಾಷೆಗೆ ಹೇಳುತ್ತಿಲ್ಲ. ಪೆನ್ಸಿಲ್ವೇನಿಯಾದಲ್ಲಿ ನನ್ನ ಹಳೇ ಕಾರಿಗೆ ಟೈಟಲ್ ಕೊಟ್ಟ ಸಾರಿಗೆ ಇಲಾಖೆಯೇ ನಮ್ಮ ಮನೆಗೂ ಟೈಟಲ್ ಕೊಟ್ಟಿದೆ. ತಯಾರಾದ ವರ್ಷ 1996, ಜೊತೆಗೊಂದು ಉದ್ದನೆಯ ನಂಬರು. ಅರಸೀಕೆರೆಯಲ್ಲಿರುವ ಅಪ್ಪನಿಗೆ ಇದನ್ನು ಫೋನಿನಲ್ಲಿ ಹೇಳಿದಾಗ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಇನ್ಶೂರೆನ್ಸು ಥರ್ಡ್ ಪಾರ್ಟೀನೋ, ಫುಲ್ಲೋ?" ಅಂದರು.

ಮೊಬೈಲ್ ಹೋಮ್ ಅಂದ ತಕ್ಷಣ ನಮ್ಮೂರಿನವರು ನಾವೇನೋ ಬಸ್ಸಿನೊಳಗೆ ಸ್ಟೌ ಇಟ್ಟುಕೊಂಡು ಸಂಸಾರ ಮಾಡುತ್ತಿದ್ದೇವೆ ಅಂದುಕೊಳ್ಳುತ್ತಾರೆ. ಹಾಗಲ್ಲ. ಮೂರು ಬೆಡ್‌ರೂಮು, ಎರಡು ಬಾತ್‌ರೂಮು, ಕುಕ್ಕರ್ ಮೂರು ಕೂಗು ಕೂಗುವಷ್ಟು ಅಡುಗೆಮನೆ, ಎಲ್ಲಾ ಇದೆ. ಆದರೆ ಕಟ್ಟಿದ್ದು ಮಾತ್ರ ಕಾರ್ಖಾನೆಯಲ್ಲಿ. ಉದ್ದಕ್ಕೆ ಸೀಳಿದ ಸೌತೆಕಾಯಿಯ ಹಾಗೆ ಎರಡು ಹೋಳು. ಪ್ರತಿ ಹೋಳಿನ ಕೆಳಗೂ ಉಕ್ಕಿನ ಚಾಸಿಸ್, ಗಾಲಿ, ಮುಂದುಗಡೆ ಎಳೆಯುವ ಕೊಕ್ಕೆ. ಲಾರಿ ಅದನ್ನು ಎಳೆದು ತರುತ್ತದೆ, ಕಾಂಕ್ರೀಟ್ ಬ್ಲಾಕುಗಳ ಮೇಲೆ ಕೂರಿಸಿ ಎರಡೂ ಹೋಳನ್ನು ಬೋಲ್ಟು ಹಾಕಿ ಒಂದು ಮಾಡುತ್ತಾರೆ. ಅಲ್ಲಿಗೆ ಅದರ ಪ್ರಯಾಣ ಮುಗಿದ ಹಾಗೆಯೇ. ಹೆಂಡತಿಗೆ ಒಂದು ಸಣ್ಣ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು, ಹತ್ತಿರದಲ್ಲೇ ಅರ್ಧ ಎಕರೆ ಜಾಗದ ಸಮೇತ ಇದು ಮಾರಾಟಕ್ಕಿತ್ತು, ಕೊಂಡೆವು.

ಕಾಗದದಲ್ಲಿ ಮನೆಯ ಉದ್ದ 52 ಅಡಿ. ಅಳೆದರೆ 48. ಉಳಿದ 4 ಅಡಿ ಎಲ್ಲಿ ಅಂತ ಕೇಳಿದೆ. ಕೊಕ್ಕೆಯಂತೆ! ಎಳೆದು ತರುವಾಗ ಇದ್ದ ಕೊಕ್ಕೆಯನ್ನೂ ಉದ್ದದ ಲೆಕ್ಕಕ್ಕೆ ಸೇರಿಸಿ ಹೇಳುವುದು ಈ ವ್ಯಾಪಾರದ ವಾಡಿಕೆ. ಅಗಲ 28 ಅಂದರೆ 26 ಅಡಿ 8 ಇಂಚು. 30-40 ಸೈಟಿನಲ್ಲಿ ಒಂದು ಗೇಣು ಕಮ್ಮಿಯಾದರೂ ಪಕ್ಕದವನ ಮೇಲೆ ಕೋರ್ಟಿಗೆ ಹೋಗುವ ಊರಿನಿಂದ ಬಂದವನು ನಾನು. ಇಲ್ಲಿ ಸುಮ್ನೆ ತಲೆಯಾಡಿಸಿದೆ.

ಈಗ ಕೋಣೆಯ ವಿಷಯಕ್ಕೆ ಬರುತ್ತೇನೆ. ಅಪ್ಪ ಅಮ್ಮ ಆರು ತಿಂಗಳು ಇರಲು ಬರುವುದು ಅಂತ ತೀರ್ಮಾನವಾಯಿತು. ಒಂದು ಬೆಡ್‌ರೂಮು ನಮಗೆ, ಒಂದು ಮಕ್ಕಳಿಗೆ. ಮೂರನೆಯದು ನನ್ನ ಆಫೀಸು, ಮತ್ತು ಮಡಚದೆ ಬಿಟ್ಟ ಬಟ್ಟೆಗಳ ನಂದಿಬೆಟ್ಟ. ಹಾಗಾಗಿ ಹಿಂದುಗಡೆ 12ಕ್ಕೆ 14ರ ಒಂದು ಕೋಣೆ ಎಳೆದುಬಿಡೋಣ ಅಂದುಕೊಂಡೆ. ಮಗಳ ಲೆಕ್ಕದ ಪುಸ್ತಕದಿಂದ ಚೌಕುಳಿ ಹಾಳೆ ಹರಿದು ಪ್ಲಾನು ಬರೆದೆ. ನನ್ನ ಪ್ಲಾನಿನ ಹೆಚ್ಚುಗಾರಿಕೆ ಏನೆಂದರೆ ಮೂರೇ ಗೋಡೆ. ನಾಲ್ಕನೆಯದು ಮನೆಯದು ಇದ್ದೇ ಇದೆಯಲ್ಲ! ಸೂರನ್ನೂ ಮನೆಗೆ ಒರಗಿಸಿಬಿಟ್ಟರೆ ಆ ಕಡೆ ಕಂಬದ ಖರ್ಚೂ ಉಳಿಯಿತು. ನಮ್ಮೂರಲ್ಲಿ ಕೊಟ್ಟಿಗೆ ಇಳಿಸುವುದೇ ಹಾಗೆ. ಹೆಂಡತಿಗೆ ತೋರಿಸಿದೆ. "ಯಾರನ್ನಾದರೂ ಕೇಳು," ಅಂದಳು. ಮದುವೆಯಾಗಿ ಹದಿಮೂರು ವರ್ಷವಾದರೂ ನನ್ನ ಯಾವ ಪ್ಲಾನಿಗೂ ಇದಕ್ಕಿಂತ ಜಾಸ್ತಿ ಬೆಂಬಲ ಸಿಕ್ಕಿಲ್ಲ.

ಪರ್ಮಿಟ್ ಕೊಡುವ ಇನ್ಸ್‌ಪೆಕ್ಟರು ಬಂದರು. ದಪ್ಪ ಮೀಸೆ, ಸೊಂಟಕ್ಕೆ ಟೇಪು. ನನ್ನ ಹಾಳೆಯನ್ನು ಒಮ್ಮೆ ನೆಟ್ಟಗೆ, ಒಮ್ಮೆ ತಲೆಕೆಳಗು ಮಾಡಿ ನೋಡಿದರು. "ಮೊಬೈಲ್ ಹೋಮಿಗೆ ಕೋಣೆ ಸೇರಿಸಬೇಕು" ಅಂದೆ. ಮೊದಲು ಅದನ್ನೇ ತಿದ್ದಿದರು. 1976ರ ಜೂನ್ 15ರ ನಂತರ ಕಾರ್ಖಾನೆಯಿಂದ ಹೊರಬಿದ್ದವಕ್ಕೆಲ್ಲ ಕೇಂದ್ರ ಸರ್ಕಾರದ ಒಂದು ಕೋಡ್ ಬಂತು, ಅಲ್ಲಿಂದೀಚೆಗೆ ಇವು ಮೊಬೈಲ್ ಹೋಮ್ ಅಲ್ಲ, ಮ್ಯಾನ್ಯುಫ್ಯಾಕ್ಚರ್ಡ್ ಹೋಮ್. ಹೊರಗೋಡೆಯ ತುದಿಯಲ್ಲಿ ಹೊಡೆದಿದ್ದ ಸಣ್ಣ ಕೆಂಪು ಲೋಹದ ಫಲಕ ತೋರಿಸಿದರು. ಇಷ್ಟು ದಿನ ನಾನು ಅದನ್ನು ಕರೆಂಟ್ ಕಂಪನಿಯವರದು ಅಂದುಕೊಂಡಿದ್ದೆ.

ಆಮೇಲೆ, "ಒಳಗೊಂದು ಡೇಟಾ ಪ್ಲೇಟ್ ಇರುತ್ತೆ, ಹುಡುಕು," ಅಂದರು. ಪ್ಲೇಟ್ ಅಂದರೆ ಕಾಗದ. ಸಿಕ್ಕಿದ್ದು ಅಡುಗೆಮನೆಯ ಕಪಾಟಿನ ಬಾಗಿಲ ಒಳಮೈಯಲ್ಲಿ, ಮಸಾಲೆ ಡಬ್ಬಗಳ ಹಿಂದೆ. ಅದರ ಮೇಲೆ ಅಮೆರಿಕದ ಭೂಪಟ. ಮನೆಯ ಸೂರು ಎಷ್ಟು ಹಿಮ ಹೊರಬೇಕು ಅಂತ ದೇಶವನ್ನು ಮೂರು ಪಟ್ಟಿ ಮಾಡಿದ್ದಾರೆ. ದಕ್ಷಿಣದ ಪಟ್ಟಿಗೆ ಚದರಡಿಗೆ 20 ಪೌಂಡು, ಮಧ್ಯಕ್ಕೆ 30, ಉತ್ತರಕ್ಕೆ 40. ಇನ್ಸ್‌ಪೆಕ್ಟರು ಕನ್ನಡಕ ಏರಿಸಿ ನಮ್ಮ ಜಾಗ ಹುಡುಕಿದರು. ಪೆನ್ಸಿಲ್ವೇನಿಯಾ ಇರಬೇಕಾದ ಕಡೆ ಅಚ್ಚುಕಟ್ಟಾದ ಅರಿಶಿನದ ಹೆಬ್ಬೆಟ್ಟು. ಅವರು ಅದನ್ನು ಉಗುರಿನಿಂದ ಕೆರೆದರು. ಅರಿಶಿನದ ಜೊತೆ ರಾಜ್ಯವೂ ಎದ್ದು ಬಂತು.

ಮೂರು ಗೋಡೆಯ ಪ್ಲಾನಿಗೆ ಅವರು ನಗಲಿಲ್ಲ. ಅದೇ ಜಾಸ್ತಿ ಭಯವಾಯಿತು. ಮನೆಯ ಕೆಳಗೆ ಟಾರ್ಚ್ ಬಿಟ್ಟು ತೋರಿಸಿದರು. ಸೂರಿನ ಭಾರ ಹೊರಗೋಡೆಗೆ, ಗೋಡೆಯ ಭಾರ ನೆಲದ ಅಂಚಿಗೆ, ಅಲ್ಲಿಂದ ಅಡ್ಡ ತೋಳುಗಳ ಮೇಲೆ ಹಾದು ಉಕ್ಕಿನ ತೊಲೆಗೆ, ತೊಲೆಯಿಂದ ಬ್ಲಾಕಿಗೆ. ಎಲ್ಲವೂ ಮನೆಯ ಸ್ವಂತ ಭಾರಕ್ಕೆ, ಮೇಲೆ ಬೀಳುವ ಹಿಮಕ್ಕೆ ಎಷ್ಟು ಬೇಕೋ ಅಷ್ಟೇ ಲೆಕ್ಕ. ಇನ್ನೊಬ್ಬರು ಬಂದು ಹೆಗಲ ಮೇಲೆ ಕೈ ಹಾಕಿದರೆ ತಡೆಯುವ ಹಾಗೆ ಮಾಡಿಲ್ಲ. ಅದೂ ಅಲ್ಲದೆ ಚಳಿಗಾಲದಲ್ಲಿ ಮಣ್ಣಿನೊಳಗಿನ ನೀರು ಗಡ್ಡೆಕಟ್ಟಿ ನೆಲ ಉಬ್ಬುತ್ತದೆ, ಬ್ಲಾಕಿನ ಮೇಲೆ ಕೂತ ಮನೆ ಒಂಚೂರು ಏಳುತ್ತದೆ, ಬೇಸಿಗೆಗೆ ಇಳಿಯುತ್ತದೆ. ಹೊಸ ಕೋಣೆಯ ಪಾಯ ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗಿರಬೇಕು, ನಮ್ಮ ಕಡೆ 36 ಇಂಚು. ಅದು ಅಲ್ಲಾಡುವುದಿಲ್ಲ. ಒಂದು ಏಳುತ್ತದೆ, ಒಂದು ಕದಲುವುದಿಲ್ಲ, ಎರಡಕ್ಕೂ ಮೊಳೆ ಹೊಡೆದರೆ ನಡುವೆ ಹರಿಯುವುದು ಗೋಡೆ. ಆದ್ದರಿಂದ ಕೋಣೆ ತನ್ನದೇ ಕಂಬ, ತನ್ನದೇ ಸೂರು ಹೊತ್ತು, ಮನೆಯ ಪಕ್ಕ ಸುಮ್ಮನೆ ನಿಲ್ಲಬೇಕು. ನಡುವಿನ ಸಂದಿಗೆ ಮಳೆ ಇಳಿಯದಂತೆ ತಗಡಿನ ಪಟ್ಟಿ. ಒರಗಬಾರದು.

ಅಪ್ಪನಿಗೆ ಹೇಳಿದೆ. "ಇದೊಳ್ಳೆ ಕಥೆಯಾಯ್ತಲ್ಲೋ. ಪಕ್ಕದಲ್ಲಿ ಕೂತ್ಕೋ, ಮೈ ತಾಗಿಸಬೇಡ ಅಂದ ಹಾಗೆ," ಅಂದರು. 1988ರಲ್ಲಿ ಮೇಷ್ಟ್ರ ಸಂಬಳದಲ್ಲಿ ಸ್ವಂತ ಮನೆ ಕಟ್ಟಿದವರು. ಕಟ್ಟಡದ ವಿಷಯದಲ್ಲಿ ಅವರ ಮಾತಿಗೆ ಎದುರಿಲ್ಲ.

ಇನ್ಸ್‌ಪೆಕ್ಟರು ಹೊರಡುವ ಮುಂಚೆ ಇನ್ನೊಂದು ಬಾಂಬ್ ಹಾಕಿದರು. ನನ್ನ ಪ್ಲಾನಿನ ಕೋಣೆ ಮಕ್ಕಳ ಬೆಡ್‌ರೂಮಿನ ಕಿಟಕಿಯನ್ನು ನುಂಗುತ್ತಿತ್ತು. ಬೆಂಕಿ ಗಿಂಕಿ ಬಿದ್ದರೆ ಹಾರಿಕೊಳ್ಳಲು ಮಲಗುವ ಪ್ರತಿ ಕೋಣೆಯಿಂದಲೂ ದಾರಿ ಇರಬೇಕು. ಸರಿ, ಕೋಣೆಯನ್ನು ರಬ್ಬರಿನಿಂದ ಅಳಿಸಿ ನೈಋತ್ಯದ ಮೂಲೆಗೆ ತಳ್ಳಿದೆ. ವಾಸ್ತು ಪ್ರಕಾರ ಹಿರಿಯರ ಕೋಣೆಗೆ ನೈಋತ್ಯವೇ ಸರಿ ಅಂತ ಅಪ್ಪ ಖುಷಿಪಟ್ಟರು. ಕಾನೂನೂ ವಾಸ್ತುವೂ ಒಪ್ಪಿದ ಏಕೈಕ ಅಂಶ ಅದು.

ವಾಸ್ತು ಅಂದಾಗ ಗೋಲಿಯ ಕಥೆ ಹೇಳಲೇಬೇಕು. ನಮ್ಮ ಹಾಲಿನಲ್ಲಿ ಎಲ್ಲೇ ಗೋಲಿ ಬಿಟ್ಟರೂ ಅದು ತಾನಾಗಿ ಉರುಳಿ ಸೋಫಾ ಹಿಂದಿನ ಒಂದೇ ಮೂಲೆಗೆ ಹೋಗುತ್ತಿತ್ತು. ಮಗ ಅದನ್ನು ವಿಡಿಯೋ ಕಾಲಿನಲ್ಲಿ ಅಜ್ಜನಿಗೆ ತೋರಿಸಿದ. ಅಪ್ಪ ದಿಕ್ಸೂಚಿ ನೋಡಿಸಿದರು. ಈಶಾನ್ಯ! "ಇಳಿಜಾರು ಈಶಾನ್ಯಕ್ಕೇ ಇರಬೇಕು ಕಣೋ, ದುಡ್ಡು ಕೊಟ್ಟರೂ ಸಿಗಲ್ಲ ಇಂಥ ಮನೆ," ಅಂತ ಅಂದಿನಿಂದ ಆರ್‌ಸಿ ಬುಕ್ಕಿನ ಮನೆಯನ್ನು ಹೊಗಳಲು ಶುರುಮಾಡಿದರು. ಆದರೆ ಹೊಸ ಕೋಣೆಯ ನೆಲದ ಎತ್ತರ ಗುರುತಿಸುವ ಮೊದಲು ಹಳೆಯದನ್ನು ಮಟ್ಟ ಮಾಡಿಸಬೇಕಿತ್ತು. ಜ್ಯಾಕು ತಂದ ಒಬ್ಬ ಹುಡುಗ, ನೀರು ತುಂಬಿದ ಉದ್ದನೆಯ ಪೈಪಿನಿಂದ ಮಟ್ಟ ನೋಡುತ್ತಾ, ಇಡೀ ದಿನ ಮನೆಯ ಕೆಳಗೆ ತೆವಳಿ, ಸಾವಿರಾರು ರೂಪಾಯಿಯ ಈಶಾನ್ಯವನ್ನು ಎತ್ತಿ ಸಮ ಮಾಡಿಬಿಟ್ಟ. ಈಗ ಗೋಲಿ ಬಿಟ್ಟಲ್ಲೇ ಕೂರುತ್ತದೆ. ಅಪ್ಪ ಎರಡು ವಾರ ನನ್ನ ಜೊತೆ ನೆಟ್ಟಗೆ ಮಾತಾಡಲಿಲ್ಲ.

ಆ ಹುಡುಗ ಮಾಡಿದ ಇನ್ನೊಂದು ಘನಕಾರ್ಯ ಇದೆ. ಎರಡು ಹೋಳು ಕೂಡುವ ಗೆರೆಗೆ ಇವರ ಭಾಷೆಯಲ್ಲಿ ಮ್ಯಾರೇಜ್ ಲೈನ್ ಅಂತ ಹೆಸರು. ಸಂಜೆ ಕೆಳಗಿನಿಂದ ಹೊರಗೆ ಬಂದು, ಮೈಮೇಲಿನ ಜೇಡರಬಲೆ ಕೊಡವಿಕೊಳ್ಳುತ್ತಾ, ಬಾಗಿಲಲ್ಲಿ ನಿಂತಿದ್ದ ಹೆಂಡತಿಗೆ ಕೇಳುವ ಹಾಗೆ, "ನಿಮ್ಮ ಮ್ಯಾರೇಜು ಒಂದು ಕಡೆ ಅರ್ಧ ಇಂಚು ಬಿಟ್ಟುಕೊಂಡಿದೆ, ಗೊತ್ತಿತ್ತಾ?" ಅಂದ. "ಗೊತ್ತಿತ್ತು," ಅಂದಳು ಅವಳು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ನನಗೆ ಎರಡಕ್ಕೂ ಒಬ್ಬನೇ ಮೇಸ್ತ್ರಿ ಸಿಕ್ಕಿದ್ದ.

ಮುಂದಿನದು ಗುಂಡಿ ತೋಡುವುದು. ಇಲ್ಲಿ ನೆಲಕ್ಕೆ ಗುದ್ದಲಿ ಹಾಕುವ ಮುಂಚೆ ಮುಹೂರ್ತ ಬೇಡ, 811ಕ್ಕೆ ಫೋನ್ ಮಾಡಬೇಕು. ಕಡೇ ಪಕ್ಷ ಮೂರು ಕೆಲಸದ ದಿನ ಮೊದಲು. ಕಂಪನಿಗಳವರು ಬಂದು ನೆಲದೊಳಗೆ ಎಲ್ಲೆಲ್ಲಿ ಏನಿದೆ ಅಂತ ಹುಲ್ಲಿನ ಮೇಲೆ ಬಣ್ಣದಲ್ಲಿ ಗುರುತು ಹಾಕುತ್ತಾರೆ. ಕರೆಂಟಿಗೆ ಕೆಂಪು, ಗ್ಯಾಸಿಗೆ ಹಳದಿ, ಟೆಲಿಫೋನು ಇಂಟರ್‌ನೆಟ್ಟಿಗೆ ಕಿತ್ತಳೆ, ಕುಡಿಯುವ ನೀರಿಗೆ ನೀಲಿ, ಚರಂಡಿಗೆ ಹಸಿರು. ಎಲ್ಲಿ ಅಗೆಯುತ್ತೇನೆ ಅಂತ ನಾನು ಮೊದಲೇ ಬಿಳಿ ಬಣ್ಣದಲ್ಲಿ ಬರೆದಿದ್ದೆ. ಫೋನಿನಲ್ಲಿ ಅದನ್ನು ಕಂಡ ಅಮ್ಮ, "ಅಯ್ಯೋ, ಎಷ್ಟು ಚೆನ್ನಾಗಿ ರಂಗೋಲಿ ಹಾಕಿದ್ದಾಳೆ ಹುಡುಗಿ, ಏನು ಹಬ್ಬ?" ಅಂತ ಕೇಳಿದರು. ಸೊಸೆಗೆ ಬಂದ ಆ ಹೊಗಳಿಕೆಯನ್ನು ನಾನು ತಿದ್ದಲು ಹೋಗಲಿಲ್ಲ.

ಬಣ್ಣ ಇಲ್ಲದ ಕಡೆ ಧೈರ್ಯವಾಗಿ ಅಗೆದೆ. ತಪ್ಪಾಗಿದ್ದು ಅಲ್ಲೇ. 811ರವರು ಗುರುತು ಹಾಕುವುದು ಕಂಪನಿಗಳ ಲೈನಿಗೆ ಮಾತ್ರ. ಮನೆಯವರ ಸ್ವಂತ ಪೈಪುಗಳ ಯೋಚನೆ ಮನೆಯವರದು. ನಮ್ಮ ಮನೆಯಿಂದ ಸೆಪ್ಟಿಕ್ ಟ್ಯಾಂಕಿಗೆ ಹೋಗುವ ನಾಲ್ಕಿಂಚಿನ ಪೈಪು ನಮ್ಮ ಸ್ವಂತದ್ದು. ಮೂರನೇ ಗುಂಡಿಯಲ್ಲಿ, ಸುಮಾರು ಎರಡಡಿ ಆಳದಲ್ಲಿ, ಬಾಡಿಗೆಗೆ ತಂದ ಬೈರಿಗೆ ಯಂತ್ರ "ಕಟಕ್" ಅಂತು. ಬೇರು ಇರಬೇಕು ಅಂತ ಇನ್ನೂ ಸ್ವಲ್ಪ ಒತ್ತಿದೆ. ಅದೇ ಹೊತ್ತಿಗೆ ಒಳಗೆ ಮಗ ಫ್ಲಶ್ ಮಾಡಿದ. ಇದಕ್ಕಿಂತ ಜಾಸ್ತಿ ಬರೆದರೆ ನಿಮ್ಮ ಊಟ ಕೆಡುತ್ತದೆ.

ಆಮೇಲೆ ಮರ ತಂದೆ. ಇಲ್ಲಿ ಎಲ್ಲರ ಬಾಯಲ್ಲೂ ಟೂ ಬೈ ಫೋರ್. ನಾನು ಅದನ್ನು ನಂಬಿ, ಗೋಡೆಯ ದಪ್ಪ ನಾಲ್ಕು ಇಂಚು ಅಂತ ಕಿಟಕಿ ಬಾಗಿಲ ಚೌಕಟ್ಟಿನ ಲೆಕ್ಕವನ್ನೆಲ್ಲ ಹಾಕಿದ್ದೆ. ಅಂಗಳದಲ್ಲಿ ಅಳೆದರೆ ಒಂದೂವರೆಗೆ ಮೂರೂವರೆ! ಟೇಪು ಕೆಟ್ಟಿದೆ ಅಂತ ಮಗಳ ಸ್ಕೇಲು ತಂದೆ. ಅದೂ ಕೆಟ್ಟಿತ್ತು. ಒಣಗಿಸಿ ಹೆರೆದ ಮೇಲೆ ಉಳಿಯುವುದೇ ಅಷ್ಟು, ಹೆಸರು ಮಾತ್ರ ಟೂ ಬೈ ಫೋರ್ ಅಂತ ಅಂಗಡಿಯವನು ಸಮಾಧಾನ ಮಾಡಿದ. ಐವತ್ತೆರಡಡಿಯ ಮನೆ ಕೊಂಡವನಿಗೆ ಇಷ್ಟು ಹೊತ್ತಿಗೆ ಗೊತ್ತಾಗಬೇಕಿತ್ತು, ಅಲ್ವಾ?

ಹೀಗೆ ಅಪ್ಪ ಅಮ್ಮ ಬಂದಿಳಿಯುವ ಹೊತ್ತಿಗೆ ಸಿದ್ಧವಾಗಿದ್ದದ್ದು ಆರು ಕಂಬ, ಅದರ ಮೇಲೆ ನೆಲದ ಹಲಗೆ. ಗೋಡೆಯಿಲ್ಲ, ಸೂರಿಲ್ಲ. ಅವರಿಗೆ ನನ್ನ ಆಫೀಸು ಬಿಟ್ಟುಕೊಟ್ಟು ನಾನು ವಾಷಿಂಗ್ ಮೆಷಿನ್ ಪಕ್ಕ ಮೀಟಿಂಗು ಶುರುಮಾಡಿದೆ. ನಮ್ಮ ತಂಡದವರಿಗೆ ಈಗ ನಮ್ಮ ಬಟ್ಟೆ ಯಾವಾಗ ಹಿಂಡುವ ಹಂತಕ್ಕೆ ಬಂತು ಅಂತ ಗೊತ್ತಾಗುತ್ತದೆ. ಅಮ್ಮನಿಗೆ ಮಾತ್ರ ಈ ಅರ್ಧ ಕೋಣೆ ತುಂಬಾ ಇಷ್ಟವಾಯಿತು. ಜುಲೈ ಬಿಸಿಲು, ಅಡ್ಡ ಬರುವ ಗೋಡೆ ಒಂದೂ ಇಲ್ಲ. ಹಳೆಯ ಸೀರೆ ಹಾಸಿ ಸಾಲಾಗಿ ಅರಳು ಸಂಡಿಗೆ ಇಟ್ಟರು. ಅಪ್ಪ ಕೋಲು ಹಿಡಿದು ಅಳಿಲು ಕಾಯಲು ಕೂತರು.

ಇನ್ಸ್‌ಪೆಕ್ಟರು ಮತ್ತೆ ಬಂದದ್ದು ಅಂಥ ಒಂದು ಮಧ್ಯಾಹ್ನ. ಕಂಬ ಅಲ್ಲಾಡಿಸಿ ನೋಡಿದರು, ಹಲಗೆಗೂ ಮನೆಯ ಗೋಡೆಗೂ ನಡುವಿನ ಸಂದಿಗೆ ಟೇಪು ಹಿಡಿದರು, ಸಂಡಿಗೆಗಳನ್ನು ಹುಷಾರಾಗಿ ದಾಟಿದರು. ಅಮ್ಮ ಕರಿದು ತಂದ ಸಂಡಿಗೆ ತಿನ್ನುತ್ತಾ ಎಲ್ಲಾ ಸರಿ ಇದೆ ಅನ್ನುವ ಹಾಗೆ ತಲೆಯಾಡಿಸಿದವರು ಮೂಲೆಯ ಕಂಬದ ಹತ್ತಿರ ನಿಂತುಬಿಟ್ಟರು. ಆ ಕಂಬದಿಂದ ಒಂದು ಹಗ್ಗ ಹೊರಟಿತ್ತು, ನಡುವೆ ಅಪ್ಪನ ಎರಡು ಪಂಚೆ, ಒಂದು ಟವೆಲು. ಇನ್ನೊಂದು ತುದಿಯನ್ನು ಅಪ್ಪ ಮನೆಯ ಸೂರಿನಂಚಿನ ಕೊಕ್ಕೆಗೆ ಬಿಗಿಯಾಗಿ ಕಟ್ಟಿದ್ದರು. ಇನ್ಸ್‌ಪೆಕ್ಟರು ಹಗ್ಗವನ್ನು ಬೆರಳಲ್ಲಿ ಒಮ್ಮೆ ಮೀಟಿ, ಮೀಸೆಯೊಳಗೇ ನಕ್ಕು, ನನ್ನ ಕಡೆ ನೋಡಿದರು.

"ಏನಂತಾನೆ?" ಅಂದರು ಅಪ್ಪ.

"ಬಿಚ್ಚಬೇಕಂತೆ."

"ಪಂಚೆನೂ ಒರಗೋ ಹಾಗಿಲ್ವೇನೋ?" ಅಂತ ಗೊಣಗುತ್ತಾ ಅಪ್ಪ ಕೋಲನ್ನು ಇನ್ಸ್‌ಪೆಕ್ಟರ ಕೈಗೆ ಕೊಟ್ಟು ಗಂಟು ಬಿಚ್ಚಲು ಎದ್ದರು. ಅವರು ಬರುವವರೆಗೂ ಇನ್ಸ್‌ಪೆಕ್ಟರೇ ಅಳಿಲು ಕಾದರು.