ಹಸಿರು ಕೈಕೊಟ್ಟ ಲ್ಯಾಪ್‌ಟಾಪ್

ನವೆಂಬರ್ 1ಕ್ಕೆ ಎಲ್ಲರ ಹಾಗೆ ನಾನೂ ಲ್ಯಾಪ್‌ಟಾಪ್‌ಗೆ ಕನ್ನಡ ಬಾವುಟದ ವಾಲ್‌ಪೇಪರ್ ಹಾಕಿದ್ದೆ. ಸಂಜೆ ಮನೆಗೆ ಬಂದ ಚಿಕ್ಕಪ್ಪ ಅದನ್ನು ನೋಡಿ, "ಯಾವಾಗಿಂದ ಕಮ್ಯುನಿಸ್ಟ್ ಆದ್ಯೋ?" ಅಂದರು. ಹೋಗಿ ನೋಡಿದರೆ ಬಾವುಟ ಪೂರ್ತಿ ಕೆಂಪು. ಮೇಲಿನ ಹಳದಿ ನಾಪತ್ತೆ. ಫೋಲ್ಡರ್ ತೆರೆದರೆ ಬಿಳಿ ಇರಬೇಕಾದ ಕಡೆಯೆಲ್ಲ ರಾಣಿ ಪಿಂಕ್. ಊರಿನ ತೋಟದ ಫೋಟೊದಲ್ಲಿ ಅಡಿಕೆ ಮರಗಳು ಕರ್ರಗೆ ನಿಂತಿದ್ದವು.

ವಿಂಡೋಸ್ 7 ಜೊತೆ ಮನೆಗೆ ಬಂದು, ಏದುಸಿರು ಬಿಡುತ್ತಾ ವಿಂಡೋಸ್ 10ಕ್ಕೆ ಬಡ್ತಿ ಪಡೆದ ಲ್ಯಾಪ್‌ಟಾಪ್ ಅದು. ರಾತ್ರಿ ಹೊತ್ತು ಪರದೆಯ ಬಣ್ಣ ಬದಲಿಸುವ ನೈಟ್ ಲೈಟ್ ಆನ್ ಆಗಿದೆಯಾ ನೋಡಿದೆ. ಇಲ್ಲ. ಪರದೆ ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್ ತೆಗೆದು ಮತ್ತೆ ಹಾಕಿದೆ. ಪಿಂಕ್ ಕದಲಲಿಲ್ಲ.

ಅಷ್ಟರಲ್ಲಿ ಟೊರಾಂಟೊದಿಂದ ಅಣ್ಣನ ವಿಡಿಯೊ ಕಾಲ್. ಮುಖ ಬೀಟ್‌ರೂಟ್ ಆಗಿತ್ತು. "ಬಿಸಿಲಲ್ಲಿ ಅಲೀಬೇಡ್ವೋ" ಅಂದರು ಅಮ್ಮ. ಅವನು ಸ್ವೆಟರ್ ಮೇಲೆ ಜಾಕೆಟ್ ಹಾಕಿಕೊಂಡು ಕೂತಿದ್ದ.

ಕಂಪ್ಯೂಟರ್ ಗೊತ್ತಿರುವ ಗೆಳೆಯನಿಗೆ ಸ್ಕ್ರೀನ್‌ಶಾಟ್ ಕಳಿಸಿದೆ. "ಎಲ್ಲಾ ಸರಿಯಾಗೇ ಇದೆಯಲ್ಲೋ. ಕಣ್ಣಿನ ಡಾಕ್ಟ್ರಿಗೆ ತೋರಿಸ್ಕೋ" ಅಂದ. ಇನ್ನೊಂದು ಕಳಿಸಿದೆ. ಕಣ್ಣಾಸ್ಪತ್ರೆಯ ನಂಬರ್ ಕಳಿಸಿದ. ಕೊನೆಗೆ ಮೊಬೈಲಿನಲ್ಲಿ ಪರದೆಯ ಫೋಟೊ ತೆಗೆದು ಕಳಿಸಿದ ಮೇಲೇ ಅವನು ನಂಬಿದ್ದು. ನಿಜ ಹೇಳಬೇಕೆಂದರೆ ಅರ್ಧ ಉತ್ತರ ಅಲ್ಲೇ ಇತ್ತು. ಸ್ಕ್ರೀನ್‌ಶಾಟ್ ಹುಟ್ಟೋದು ಗ್ರಾಫಿಕ್ಸ್ ಮೆಮೊರಿಯಲ್ಲಿ, ಪರದೆಯವರೆಗೆ ಅದು ಬರೋದೇ ಇಲ್ಲ. ಅದರಲ್ಲಿ ಬಣ್ಣ ಸರಿಯಿದ್ದರೆ ರೋಗ ಆಮೇಲಿನ ದಾರಿಯಲ್ಲಿದೆ ಅಂತ. ಎಚ್‌ಡಿಎಂಐ ಕೇಬಲ್ ಸಿಕ್ಕಿಸಿ ಟಿವಿಗೆ ಕೊಟ್ಟೆ. ಬಾವುಟ ಹಳದಿ-ಕೆಂಪಾಗಿ ಠೀವಿಯಿಂದ ಬಂತು. ಇತ್ತ ವಿಂಡೋಸ್ ಶುರುವಾಗೋ ಮುಂಚೆಯೇ ಬರುವ ಬಯೋಸ್ ತೆರೆದರೆ ಅದರ ಅಕ್ಷರಗಳೂ ಪಿಂಕ್. ಪಾಪ, ವಿಂಡೋಸನ್ನು ಸುಮ್ನೆ ಬೈದಿದ್ದಾಯಿತು.

ಮುಚ್ಚಳವನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸಿದಾಗ ಕಳ್ಳ ಸಿಕ್ಕಿಬಿದ್ದ. ಒಂದು ಕೋನದಲ್ಲಿ ಎಲ್ಲ ಬಣ್ಣವೂ ಹಾಜರ್. ಕೂದಲೆಳೆಯಷ್ಟು ಸರಿದರೂ ಮತ್ತೆ ಪಿಂಕ್. ಪರದೆಗಿರೋದು ಕೆಂಪು, ಹಸಿರು, ನೀಲಿ ಮೂರೇ. ಹಳದಿ ಅಂದರೆ ಕೆಂಪು, ಹಸಿರು ಸೇರಿದ್ದು. ಹಸಿರು ರಜೆ ಹಾಕಿದರೆ ಉಳಿಯೋದು ಕೆಂಪೇ. ಬಿಳಿಯಲ್ಲಿ ಕೆಂಪು, ನೀಲಿ ಉಳಿದು ರಾಣಿ ಪಿಂಕ್ ಆಗುತ್ತೆ. ಮದರ್‌ಬೋರ್ಡ್‌ನಿಂದ ಪರದೆಗೆ ಈ ಬಣ್ಣ ಹೊರೋದು ಎಲ್‌ವಿಡಿಎಸ್ ಅನ್ನೋ ಕೇಬಲ್. ಇಂಥ ಹಳೇ 18 ಬಿಟ್ ಪರದೆಯಲ್ಲಿ ಬಣ್ಣಕ್ಕೆ ತಲಾ 6 ಬಿಟ್, ಅಂದರೆ ಮಾಹಿತಿಯ 6 ಚೂರು. ಹಸಿರಿನ 6 ಬಿಟ್‌ಗಳ ಪೈಕಿ 5 ಒಂದೇ ಜೋಡಿ ತಂತಿಯಲ್ಲಿ ಓಡುತ್ತವೆ. ಆ ಜೋಡಿ ಮುನಿಸಿಕೊಂಡರೆ ಹಸಿರಿನ ಕಥೆ ಮುಗಿಯಿತು. ಆ ಕೇಬಲ್ ಹಾದುಹೋಗೋದು ಎಲ್ಲಿಂದ? ನಾವು ದಿನಾ ತೆಗೆದು ಮುಚ್ಚುವ ಅದೇ ಮುಚ್ಚಳದ ಕೀಲು, ಅಂದರೆ ಹಿಂಜ್ ಒಳಗಿಂದ. ಡಿಸೈನ್ ಮಾಡಿದ ಮಹಾನುಭಾವರಿಗೆ ನಮಸ್ಕಾರ.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿಗೆ ಒಯ್ದೆ. ಮೊದಲ ಅಂಗಡಿಯವರು ಆನ್ ಕೂಡ ಮಾಡದೆ, "ಡಿಸ್‌ಪ್ಲೇ ಹೋಗಿದೆ ಸಾರ್, ಹೊಸದು ಹಾಕ್ಬೇಕು" ಅಂದರು. ನಾಲ್ಕು ಹೆಜ್ಜೆ ಮುಂದೆ ಇನ್ನೊಂದು ಅಂಗಡಿಯಲ್ಲಿ ಒಬ್ಬ ಹುಡುಗ. ಪರದೆಯ ಅಂಚಿನ ಪುಟ್ಟ ರಬ್ಬರ್ ಬೊಟ್ಟುಗಳನ್ನು ಉಗುರಿನಲ್ಲೇ ಕಿತ್ತು ತನ್ನ ಮುಂಗೈ ಮೇಲೆ ಅಂಟಿಸಿಕೊಂಡ. ಅವುಗಳ ಕೆಳಗಿದ್ದ ಸ್ಕ್ರೂ ಬಿಚ್ಚಿ, ಫ್ರೇಮನ್ನು ಟಕ್ ಟಕ್ ಅಂತ ಎಬ್ಬಿಸಿದ. ಪ್ರತಿ ಟಕ್ಕಿಗೂ ನನ್ನ ಎದೆ ಧಸಕ್. ಕೇಬಲ್ ಕಿತ್ತು, ಒರೆಸಿ, ಮತ್ತೆ ಕೂರಿಸಿ, ಮೇಲೊಂದು ಟೇಪ್ ಒತ್ತಿದ. ಹಸಿರು ಬಂತು!

"ಹಿಂಜ್ ಹತ್ರ ಕೇಬಲ್ ಸವೆದಿದೆ ಸಾರ್. ಜಾಸ್ತಿ ತೆಗೆದು ಮುಚ್ಚಿ ಮಾಡ್ಬೇಡಿ."

ಹಾಗಾಗಿ ಈಗ ಲ್ಯಾಪ್‌ಟಾಪ್ ಹಾಲ್‌ನ ಟೇಬಲ್ ಮೇಲೆ ಹಗಲೂ ರಾತ್ರಿ ಬಾಯಿ ತೆರೆದುಕೊಂಡೇ ಇರುತ್ತೆ. ಧೂಳು ಕೂರಬಾರದು ಅಂತ ಅಮ್ಮ ಅದರ ಮೇಲೆ ಹೂವಿನ ದಿಂಬಿನ ಕವರ್ ಹೊದಿಸಿದ್ದಾರೆ. ಮೊನ್ನೆ ಅರಿಶಿನ ಕುಂಕುಮಕ್ಕೆ ಬಂದ ಎದುರು ಮನೆಯಾಕೆ ಅದನ್ನೇ ನೋಡುತ್ತಾ ನಿಂತರು. ಆಮೇಲೆ ಅಮ್ಮನ ಹತ್ತಿರ ಮೆಲ್ಲಗೆ ಕೇಳಿದರು: "ಹೊಲಿಗೆ ಮಿಷನ್ ತಗೊಂಡ್ರಾ? ಬ್ಲೌಸಿಗೆ ಎಷ್ಟು ತಗೋತೀರಿ?"